ಬೆಳಗಿನ ಆರು ಗಂಟೆ ಯಾರದ್ದು?

ಮೈಸೂರಿನ ದಂಪತಿ. ಇಬ್ಬರಿಗೂ ಐವತ್ತರ ಆಸುಪಾಸು. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಹೈಸ್ಕೂಲ್ ಟೀಚರ್. ಒಬ್ಬಳೇ ಮಗಳು ಓದೋಕೆ ಬೇರೆ ಊರಿಗೆ ಹೋಗಿದ್ದಾಳೆ. ಮನೆಯಲ್ಲಿ ಎರಡು ನಾಯಿ. ಗುಂಡ ಮುಧೋಳ ತಳಿಯವನು, ಗಂಡ ಆಸೆಪಟ್ಟು ತಂದದ್ದು. ಚುಕ್ಕಿ ಬೀದಿ ನಾಯಿ, ಮಗಳು ಮಳೆಯಲ್ಲಿ ಎತ್ತಿಕೊಂಡು ಬಂದ ಮರಿ. (ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೆಲಸ, ನಾಯಿಗಳ ಹೆಸರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದಾಗ ಹೆಂಡತಿಯ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಬೆಳಗಿನ ವಾಕಿಂಗ್‌ನಲ್ಲಿ ಗುಂಡ ಅಳಿಲು ಕಂಡು ಒಂದೇ ನೆಗೆತ ನೆಗೆದಿದ್ದ. ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡಿತ್ತು, ಆಕೆ ರಸ್ತೆಗೆ ಬಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಪಕ್ಕದ ಮನೆಯವರು. ಗಂಡ ಆಗ ಕುಕ್ಕರಹಳ್ಳಿ ಕೆರೆ ಏರಿ ಮೇಲಿದ್ದರು. ಫೋನ್ ಸೈಲೆಂಟ್.

"ನವರಂಗ ಬಂದಿತ್ತು ಮೇಡಂ," ಅಂದರು ಗಂಡ, ತಲೆ ತಗ್ಗಿಸಿ. ಅದು ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ಹಕ್ಕಿ. ಪೊದೆಯ ಕೆಳಗೆ ತರಗೆಲೆ ಕೆದಕುತ್ತಾ ಓಡಾಡುತ್ತೆ. ಕಾಣಿಸೋದೇ ಕಷ್ಟ. ಫೋನ್ ರಿಂಗ್ ಆದರೆ ಹಾರಿಹೋಗುತ್ತೆ ಅಂತ ಸೈಲೆಂಟ್ ಮಾಡಿದ್ದರು.

ಹೆಂಡತಿ ಕಿಟಕಿ ಕಡೆ ನೋಡುತ್ತಾ ಹೇಳಿದರು: "ಹಕ್ಕಿ ಮೇಲೆ ನಂಗೇನೂ ಸಿಟ್ಟಿಲ್ಲ. ನನ್ನನ್ನ ಒಂದ್ಮಾತು ಕೇಳ್ಲೇ ಇಲ್ಲ ಇವ್ರು."

ಆ ಎರಡನೇ ಮಾತಿನ ಮೇಲೇ ನಮ್ಮ ಮುಂದಿನ ಕೆಲಸವೆಲ್ಲ ನಡೆಯಿತು.

ಗಂಡನ ಹಕ್ಕಿ ವೀಕ್ಷಣೆ ಶುರುವಾಗಿ ಆಗ ವರ್ಷವಾಗಿತ್ತು. ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದರು. 1940ರಿಂದ ಪಕ್ಷಿಧಾಮ ಅದು, ಮೈಸೂರಿನವರು ಚಿಕ್ಕವರಿದ್ದಾಗಲೇ ನೋಡಿರುತ್ತಾರೆ. ಇವರೂ ನೋಡಿದ್ದರು. ಆದರೆ ಅವತ್ತು ಬೈನಾಕ್ಯುಲರ್‌ನಲ್ಲಿ ಹೆಜ್ಜಾರ್ಲೆಯ (ಪೆಲಿಕನ್) ಕೊಕ್ಕಿನ ಮೇಲಿನ ಸಾಲು ಚುಕ್ಕೆಗಳು ಕಂಡವು. ಅಲ್ಲಿಂದ ಹುಚ್ಚು ಹಿಡಿಯಿತು. ದಿನಾ ಬೆಳಗ್ಗೆ ಕುಕ್ಕರಹಳ್ಳಿ, ಇಲ್ಲದಿದ್ದರೆ ಲಿಂಗಾಂಬುಧಿ ಕೆರೆ. ಭಾನುವಾರ ಇನ್ನೂ ದೂರ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನೋಡೋಕೆ ಹದಿನಾರು ಅನ್ನೋ ಊರಿನ ಕೆರೆ. ಆಮೇಲೆ ದುಬಾರಿ ಕ್ಯಾಮೆರಾ, ಉದ್ದನೆ ಲೆನ್ಸ್. ಬಾಕ್ಸ್ ಮನೆಗೆ ಬಂದ ಮೇಲೇ ಹೆಂಡತಿಗೆ ಗೊತ್ತಾದದ್ದು.

ಈ ಹವ್ಯಾಸವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮಗಳು ಹೋದ ಮೇಲೆ ಆತನಿಗೆ ನಿದ್ದೆ ಹೋಗಿತ್ತು. ಕೆರೆಗೆ ಹೋಗೋಕೆ ಶುರು ಮಾಡಿದ ಮೇಲೆ ರಾತ್ರಿ ಹತ್ತಕ್ಕೇ ಕಣ್ಣು ಎಳೆಯುತ್ತಿತ್ತು. ಮುಖದಲ್ಲಿ ಕಳೆ ಬಂದಿತ್ತು. ಇದನ್ನು ಹೆಂಡತಿಯೇ ಒಪ್ಪಿದರು.

ತೊಂದರೆ ಬೇರೆ ಕಡೆ ಇತ್ತು. ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಆರರಿಂದ ಎಂಟು. ನಾಯಿಗಳನ್ನು ಹೊರಗೆ ಬಿಡಬೇಕಾದದ್ದೂ ಅದೇ ಹೊತ್ತಿಗೆ. ಬಿಸಿಲೇರಿದರೆ ಟಾರು ಕಾದು ಪಾದ ಸುಡುತ್ತೆ. ಆಕೆ ತಿಂಡಿ ಮಾಡಿ, ಡಬ್ಬಿ ಕಟ್ಟಿ, ಎಂಟೂಕಾಲಿಗೆ ಸ್ಕೂಲಿಗೆ ಹೊರಡಬೇಕಾದದ್ದೂ ಅದೇ ಹೊತ್ತಿನಲ್ಲಿ. ಮೊದಲು ಗುಂಡನನ್ನು ಮೈದಾನದಲ್ಲಿ ಓಡಿಸುತ್ತಿದ್ದದ್ದು ಗಂಡ. ಒಂದು ದಿನ ಆ ಕೆಲಸ ಸದ್ದಿಲ್ಲದೆ ಹೆಂಡತಿಯ ಕೈಗೆ ಬಂತು. ಯಾರೂ ಯಾರನ್ನೂ ಕೇಳಲಿಲ್ಲ. ಯಾರೂ ಒಪ್ಪಲೂ ಇಲ್ಲ.

ಗುಂಡನ ಕಡೆಯಿಂದಲೂ ಸ್ವಲ್ಪ ನೋಡಬೇಕು. ಮುಧೋಳ ನಾಯಿ ಬಾಗಲಕೋಟೆ ಸೀಮೆಯದು. ಬಯಲಿನಲ್ಲಿ ಬೇಟೆಯನ್ನು ಕಣ್ಣಿನಲ್ಲೇ ಗುರುತಿಸಿ ಅಟ್ಟಿಸಿಕೊಂಡು ಹೋಗೋಕೆಂದು ಬೆಳೆಸಿದ ತಳಿ. ಅದಕ್ಕೆ ಹಗ್ಗ ಹಾಕಿ ಬಡಾವಣೆಯ ಎರಡು ಸುತ್ತು ಹಾಕಿಸಿದರೆ ಏನೇನೂ ಸಾಲದು. ತಿಂಗಳುಗಟ್ಟಲೆ ಓಟವಿಲ್ಲದ ನಾಯಿಗೆ ಅಳಿಲು ಕಂಡರೆ ಮೈಯೆಲ್ಲಾ ಸ್ಪ್ರಿಂಗ್ ಆಗುತ್ತೆ. "ಗುಂಡ ಕೆಟ್ಟು ಹೋದ" ಅಂತ ಗಂಡ ಹೇಳಿದಾಗ ನಾನು ಒಪ್ಪಲಿಲ್ಲ. ಅವನ ಓಟ ನಿಂತಿದೆ, ಅಷ್ಟೇ.

ಇನ್ನೊಂದು ವಿಷಯ ಎರಡನೇ ಭೇಟಿಯಲ್ಲಿ ಹೊರಬಂತು. ಬೆಳಗ್ಗೆ ಏನು ಮಾತಾಡ್ತೀರಿ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಕೆ ಚುಕ್ಕಿಗೆ ಹೇಳುತ್ತಾರಂತೆ: "ಹೋಗು, ನಿಮ್ಮಪ್ಪಂಗೆ ಕಾಫಿ ಆರ್ತಿದೆ ಅಂತ ಹೇಳು." ಆತ ಗುಂಡನಿಗೆ: "ಅಮ್ಮ ಇವತ್ತೂ ಸಿಟ್ಟಲ್ಲಿದ್ದಾಳೆ ಕಣೋ." ಶುರುವಿನಲ್ಲಿ ಇದು ತಮಾಷೆ, ಮುದ್ದು. ಎಷ್ಟೋ ಮನೆಗಳಲ್ಲಿ ಹೀಗೇ ಮಾತಾಡುತ್ತಾರೆ, ಅಲ್ವಾ? ಆದರೆ ಇಲ್ಲಿ ನೇರ ಮಾತು ನಿಂತು ಅದೊಂದೇ ಉಳಿದಿತ್ತು. ಕ್ಯಾಮೆರಾ ಬಗೆಗಿನ ಸಿಟ್ಟೂ ಚುಕ್ಕಿಯ ಕಿವಿಗೇ ಬಿದ್ದದ್ದು: "ನೋಡೇ, ನಿನ್ನ ವ್ಯಾಕ್ಸಿನ್ ದುಡ್ಡು ಲೆನ್ಸಿಗೆ ಹೋಯ್ತು." ಕೇಳಿಸಿಕೊಂಡ ಗಂಡ ಉತ್ತರ ಕೊಡಲಿಲ್ಲ. ತನ್ನನ್ನು ಕೇಳಿದ್ದಲ್ಲವಲ್ಲ!

ಇಬ್ಬರ ನಡುವೆ ಬಿಗಿ ಹೆಚ್ಚಾದಾಗ ಮೂರನೆಯವರನ್ನು ಎಳೆದು ತಂದು ಹಗುರ ಮಾಡಿಕೊಳ್ಳುವುದನ್ನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ತ್ರಿಕೋನ ಎಂದು ವಿವರಿಸಿದರು. ಸಾಮಾನ್ಯವಾಗಿ ಆ ಜಾಗದಲ್ಲಿ ಮಕ್ಕಳಿರುತ್ತಾರೆ. ಈ ಮನೆಯಲ್ಲಿ ಮಗಳು ಇದ್ದಳು. ಅವಳು ಹೋದ ಮೇಲೆ ನಾಯಿಗಳು ಬಂದವು.

ಗಂಡ ತಾವೇ ಒಂದು ಪರಿಹಾರ ತಂದಿದ್ದರು. ನಾಯಿಗಳನ್ನೂ ಕೆರೆಗೆ ಕರೆದುಕೊಂಡು ಹೋಗ್ತೀನಿ, ಎರಡೂ ಕೆಲಸ ಒಟ್ಟಿಗೆ ಆಗುತ್ತೆ ಅಂತ. ಬೇಡ ಅಂದೆ. ಟಿಟ್ಟಿಭದಂಥ ಹಕ್ಕಿಗಳು ಬಯಲು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಮುಧೋಳ ನಾಯಿ ಅಲ್ಲಿಗೆ ಬಂದರೆ ಆ ಹಕ್ಕಿಗೆ ಆ ವರ್ಷದ ಸಂಸಾರವೇ ಹೋಯಿತು. ಬೈನಾಕ್ಯುಲರ್‌ನಲ್ಲಿ ಕಣ್ಣಿಟ್ಟವರ ಕೈಯಲ್ಲಿ ಹಗ್ಗವೂ ನಿಲ್ಲುವುದಿಲ್ಲ. "ನೀವೂ ಅವರ ಜೊತೆ ಹಕ್ಕಿ ನೋಡೋಕೆ ಹೋಗಿ" ಅಂತ ಆಕೆಗೆ ಹೇಳಲೂ ನನಗೆ ಮನಸ್ಸಾಗಲಿಲ್ಲ. ಒಬ್ಬರ ಖುಷಿಗೆ ಇನ್ನೊಬ್ಬರು ಸುಮ್ನೆ ಜೊತೆಗಾರರಾಗಬೇಕಾಗಿಲ್ಲ.

ಮೊದಲು ಹೇಳಿದ್ದು ಇಷ್ಟು: ಒಂದು ವಾರ ಬೆಳಗ್ಗೆ ಐದೂವರೆಯಿಂದ ಎಂಟೂವರೆ ತನಕ ಯಾರು ಏನು ಮಾಡಿದಿರಿ ಅಂತ ಬರೆದಿಡಿ. ಪ್ಲಾಸ್ಟರ್ ಇರುವಾಗ ಆಕೆ ಎಡಗೈಯಲ್ಲಿ ಬರೆದರು. ಅನ್ನ ಬೇಯಿಸಿ ಆರಿಸುವುದು, ಚುಕ್ಕಿಯ ಕೀಲುನೋವಿನ ಮಾತ್ರೆಯನ್ನು ಬಾಳೆಹಣ್ಣಿನೊಳಗೆ ಬಚ್ಚಿಡುವುದು, ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಉಣ್ಣೆ ಹುಳ ಹುಡುಕುವುದು, ಹೊರಗೆ ಮಾಡಿದ ಗಲೀಜು ಎತ್ತುವುದು. ಗಂಡ ಓದಿ ಬಹಳ ಹೊತ್ತು ಸುಮ್ಮನಿದ್ದರು. ನಾಯಿಗೆ ಹತ್ತು ನಿಮಿಷ ಸಾಕು ಅಂತ ಅವರು ನಂಬಿದ್ದರು.

ಆಮೇಲೆ ಕೈ ವಾಸಿಯಾಗುವ ತನಕ ನಾಯಿಗಳ ಪೂರ್ತಿ ಜವಾಬ್ದಾರಿ ಗಂಡನದೇ ಎಂದು ಗೊತ್ತುಮಾಡಿದೆವು. ಹೆಂಡತಿಗೆ ಒಂದೇ ನಿಯಮ: ಪಕ್ಕದಲ್ಲಿ ನಿಂತು ತಪ್ಪು ತೋರಿಸಬಾರದು. ಇದು ಆಕೆಗೆ ಗಂಡನ ಕೆಲಸಕ್ಕಿಂತ ಕಷ್ಟವಾಯಿತು. ಚುಕ್ಕಿ ಮಾತ್ರೆ ಉಗುಳಿದಾಗ ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ ಅಂದರು.

ಈಗ ವಾರದಲ್ಲಿ ಮೂರು ಬೆಳಗ್ಗೆ ಅವರದು ಕೆರೆ, ಉಳಿದದ್ದು ನಾಯಿ. ನಾಯಿಯ ದಿನ ಕ್ಯಾಮೆರಾ ಮನೆಯಲ್ಲೇ. ಕೆರೆಯ ದಿನ ಆಕೆ ಚುಕ್ಕಿಯನ್ನು ಮಾತ್ರ ನಿಧಾನವಾಗಿ ಸುತ್ತಿಸುತ್ತಾರೆ. ಗುಂಡ ಆ ದಿನಗಳಲ್ಲಿ ಸಂಜೆ, ಗಂಡ ಬ್ಯಾಂಕಿನಿಂದ ಬಂದ ಮೇಲೆ, ಬೇಲಿ ಇರುವ ಮೈದಾನದಲ್ಲಿ ಓಡುತ್ತಾನೆ. ಕತ್ತಿನ ಪಟ್ಟಿ ತೆಗೆದು ಎದೆಗೆ ಹಾರ್ನೆಸ್ ಹಾಕಿದ್ದಾರೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ ಅಂತ ತರಬೇತುದಾರರೂ ಹೇಳಿದರು. ಫೋನ್ ಸೈಲೆಂಟ್ ಇರಲಿ, ಆದರೆ ಹೆಂಡತಿಯ ನಂಬರ್ ಮಾತ್ರ ರಿಂಗ್ ಆಗುವ ಹಾಗೆ ಸೆಟ್ಟಿಂಗ್ ಇದೆ. ಅದನ್ನು ನನ್ನೆದುರೇ ಮಾಡಿಸಿದೆ.

ನಾಯಿಗಳ ಮೂಲಕ ಮುದ್ದಿನ ಮಾತು ನಡೆಯಲಿ, ಬೇಡ ಅನ್ನಲಿಲ್ಲ. ಉತ್ತರ ಬೇಕಾದ ಮಾತು, ದುಡ್ಡು, ಸಿಟ್ಟು, ಸಹಾಯ, ಇವನ್ನು ಮಾತ್ರ ಹೆಸರು ಹಿಡಿದು ನೇರ ಕೇಳಬೇಕು. ಮೊದಮೊದಲು ಇಬ್ಬರಿಗೂ ನಾಚಿಕೆ. ಇಷ್ಟು ವರ್ಷದ ಮೇಲೆ "ನಂಗೆ ಬೇಜಾರಾಗಿದೆ" ಅನ್ನೋದು ಅಷ್ಟು ಸುಲಭವಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನ ಮನೆಯಂಗಳದ ಹಕ್ಕಿ ಎಣಿಕೆ ನಡೆಯುತ್ತೆ. ದೇಶದ ಎಲ್ಲಿಂದ ಬೇಕಾದರೂ, ಕನಿಷ್ಠ ಹದಿನೈದು ನಿಮಿಷ ನೋಡಿ ಪಟ್ಟಿ ಕಳಿಸಬಹುದು. ಗಂಡ ಈ ಸಲ ತಾರಸಿಯಿಂದ ಮಾಡಿದರು. ಹೆಂಡತಿ ಪಕ್ಕದಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದರಂತೆ. ಯಾರೂ ಕರೆದಿರಲಿಲ್ಲ. ಕಾಗೆ ಎಷ್ಟು, ಗಿಳಿ ಎಷ್ಟು ಅಂತ ಗಂಡ ಕೇಳಿದ್ದಕ್ಕೆ ಆಕೆ ಎಣಿಸಿ ಹೇಳಿದರು.

ಎಲ್ಲ ಬಗೆಹರಿದಿಲ್ಲ. ಡಿಸೆಂಬರ್‌ನಲ್ಲಿ ಆತನಿಗೆ ಹಕ್ಕಿ ನೋಡೋಕೆ ಗುಜರಾತಿನ ಕಛ್‌ಗೆ ಹೋಗುವ ಆಸೆ. ಅದೇ ತಿಂಗಳು ಮಗಳು ರಜೆಗೆ ಬರುತ್ತಾಳೆ. ಈ ಸಲ ಟಿಕೆಟ್ ಬುಕ್ ಮಾಡುವ ಮೊದಲೇ ಆತ ಮನೆಯಲ್ಲಿ ಮಾತು ತೆಗೆದಿದ್ದಾರೆ. ಆಕೆ ಇನ್ನೂ ಹೂಂ ಅಂದಿಲ್ಲ. ಮುಂದಿನ ಭೇಟಿಗೆ ಖರ್ಚಿನ ಅಂದಾಜು, ಆ ದಿನಗಳಲ್ಲಿ ಗುಂಡನನ್ನು ಓಡಿಸುವವರು ಯಾರು ಅನ್ನೋದು, ಎರಡನ್ನೂ ಬರೆದುಕೊಂಡು ಬರೋಕೆ ಹೇಳಿದ್ದೇನೆ.