ಷೆವ್ರಾನ್ ತೀರ್ಪು ರದ್ದಾದ ಮೇಲೆ ಅಮೆರಿಕದ ಇಪಿಎಗೆ ಅಧಿಕಾರ ಉಳಿದಿದೆಯಾ?

ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ಷೆವ್ರಾನ್ ತೀರ್ಪನ್ನು ರದ್ದು ಮಾಡಿತು, ಹಾಗಾದರೆ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಕೈ ಕಟ್ಟಿದ ಹಾಗೇ ಅಲ್ವಾ ಎಂದು ಕೇಳಿದ್ದೀರಿ. ಪೂರ್ತಿ ಕಟ್ಟಿಲ್ಲ. ಆದರೆ ಹಳೆಯ ಕಾಯ್ದೆ ಇಟ್ಟುಕೊಂಡು ಹೊಸ ಸಮಸ್ಯೆಗೆ ನಿಯಮ ಮಾಡುವುದು ತುಂಬಾ ಕಷ್ಟವಾಗಿದೆ. ನನ್ನ ಪ್ರಕಾರ ಅದಕ್ಕೆ ಷೆವ್ರಾನ್ ಹೋಗಿದ್ದಕ್ಕಿಂತ ಬೇರೆ ಎರಡು ತೀರ್ಪುಗಳೇ ಜಾಸ್ತಿ ಕಾರಣ.

1984ರ ಷೆವ್ರಾನ್ ತೀರ್ಪು ಹೇಳಿದ್ದಿಷ್ಟು: ಕಾಯ್ದೆಯ ಮಾತು ಸ್ಪಷ್ಟವಾಗಿಲ್ಲದಿದ್ದಾಗ ಸರ್ಕಾರಿ ಸಂಸ್ಥೆ ಕೊಡುವ ಅರ್ಥ ಒಪ್ಪುವಂತಿದ್ದರೆ ಕೋರ್ಟ್ ಅದನ್ನೇ ಎತ್ತಿಹಿಡಿಯಬೇಕು. ಇದನ್ನು ಪರಿಸರದ ಗೆಲುವು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಆ ಮೊಕದ್ದಮೆಯಲ್ಲಿ ಸೋತಿದ್ದೇ ಪರಿಸರ ಸಂಘಟನೆ. ಅಧ್ಯಕ್ಷ ರೇಗನ್ ಕಾಲದ ಇಪಿಎ ಇಡೀ ಕಾರ್ಖಾನೆಯನ್ನು ಮಾಲಿನ್ಯದ ಒಂದೇ ಮೂಲ ಎಂದು ಲೆಕ್ಕ ಹಾಕಲು ಬಿಟ್ಟಿತ್ತು. ಒಂದು ಚಿಮಣಿಯಲ್ಲಿ ಹೊಗೆ ಹೆಚ್ಚಾದರೂ ಇನ್ನೊಂದರಲ್ಲಿ ಅಷ್ಟೇ ಕಡಿಮೆ ಮಾಡಿದರೆ ಬಿಗಿಯಾದ ಹೊಸ ಅನುಮತಿ ಬೇಕಿರಲಿಲ್ಲ. ಕೋರ್ಟ್ ಅದನ್ನು ಒಪ್ಪಿತು. ಅಂದರೆ ಷೆವ್ರಾನ್ ಬಲ ಕೊಡುತ್ತಿದ್ದದ್ದು ಆಯಾ ಕಾಲದ ಸರ್ಕಾರಕ್ಕೆ.

2024ರ ಜೂನ್ 28ರಂದು ಬಂದ ಲೋಪರ್ ಬ್ರೈಟ್ ತೀರ್ಪು ಇದನ್ನು ತೆಗೆದುಹಾಕಿತು. ಹೆರಿಂಗ್ ಮೀನು ಹಿಡಿಯುವ ದೋಣಿಗಳು ಸರ್ಕಾರಿ ವೀಕ್ಷಕರ ಖರ್ಚನ್ನು ತಾವೇ ಭರಿಸಬೇಕೇ ಎಂಬ ಜಗಳ ಅದು. ಕಾನೂನಿನ ಅರ್ಥವನ್ನು ನ್ಯಾಯಾಧೀಶರೇ ಸ್ವತಂತ್ರವಾಗಿ ನಿರ್ಧರಿಸಬೇಕು ಎಂದಿತು ಕೋರ್ಟ್. ಆದರೆ ಷೆವ್ರಾನ್ ಆಧಾರದ ಮೇಲೆ ಬಂದ ಹಳೆಯ ತೀರ್ಪುಗಳು ಹಾಗೇ ಉಳಿದವು. ಯಾವ ಪ್ರಮಾಣದ ವಿಷ ಅಪಾಯಕಾರಿ ಎಂಬಂಥ ವಿಷಯದಲ್ಲಿ ತಜ್ಞರ ತೀರ್ಮಾನಕ್ಕೆ ಈಗಲೂ ಬೆಲೆ ಇದೆ.

ನಿಜವಾದ ಪೆಟ್ಟು 2022ರ ವೆಸ್ಟ್ ವರ್ಜೀನಿಯಾ ತೀರ್ಪು. ಕಲ್ಲಿದ್ದಲಿನಿಂದ ಗ್ಯಾಸ್, ಗಾಳಿ, ಸೌರ ವಿದ್ಯುತ್ತಿನ ಕಡೆಗೆ ಹೋಗುವಂತೆ ಒಬಾಮಾ ಸರ್ಕಾರ 2015ರಲ್ಲಿ ಯೋಜನೆ ಮಾಡಿತ್ತು. ಕೋರ್ಟ್ 2016ರಲ್ಲೇ ತಡೆದಿದ್ದರಿಂದ ಅದು ಜಾರಿಗೇ ಬರಲಿಲ್ಲ. ಇಷ್ಟು ದೊಡ್ಡ ನಿರ್ಧಾರಕ್ಕೆ ಸಂಸತ್ತು ಸ್ಪಷ್ಟವಾಗಿ ಅಧಿಕಾರ ಕೊಟ್ಟಿರಬೇಕು ಎಂದು 2022ರಲ್ಲಿ ಹೇಳಿತು. ಎಷ್ಟು ದೊಡ್ಡದಾದರೆ ದೊಡ್ಡದು? ಅದಕ್ಕೆ ಅಳತೆಯೇ ಇಲ್ಲ. ಇಪಿಎ ಆಧಾರವಾಗಿಟ್ಟುಕೊಂಡಿದ್ದ 1970ರ ಕ್ಲೀನ್ ಏರ್ ಆಕ್ಟ್, ಅಂದರೆ ವಾಯುಮಾಲಿನ್ಯ ತಡೆಯುವ ಕಾಯ್ದೆ, ಅದರ ಮಾತುಗಳನ್ನು ಬೇಕೆಂದೇ ವಿಶಾಲವಾಗಿ ಬರೆದಿದ್ದಾರೆ. ಮುಂದೆ ಯಾವ ಮಾಲಿನ್ಯ ಬರುತ್ತದೋ ಆಗ ಯಾರಿಗೆ ಗೊತ್ತಿತ್ತು? ಹಸಿರುಮನೆ ಅನಿಲಗಳೂ ಅದರಲ್ಲಿ ಸೇರುತ್ತವೆ ಎಂದು 2007ರಲ್ಲಿ ಇದೇ ಕೋರ್ಟ್ ಹೇಳಿತ್ತು. ಅಂದು ಆಧಾರವಾಗಿದ್ದ ಆ ವಿಶಾಲತೆಯೇ ಈಗ ಅನುಮಾನಕ್ಕೆ ಕಾರಣವಾಗಿದೆ. ಆ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಗಿದ್ದು 1990ರಲ್ಲಿ, ಅದೇ ಕೊನೆ. ಮಾತಾಡಬೇಕಾದ ಸಂಸತ್ತು ಸುಮ್ಮನಿರುವಾಗ 'ಸ್ಪಷ್ಟವಾಗಿ ಹೇಳಲಿ' ಎನ್ನುವುದು ನಿಯಮವೇ ಬೇಡ ಎಂದಂತೆ.

ಎರಡನೆಯದು 2023ರ ಸ್ಯಾಕೆಟ್. ಐಡಹೋದ ದಂಪತಿ ಮನೆ ಕಟ್ಟಲು ಹೊರಟ ನಿವೇಶನ ಜೌಗು ಪ್ರದೇಶ ಎಂದು ಇಪಿಎ ತಡೆದಿತ್ತು. ನದಿ, ಕೆರೆಗಳ ಜೊತೆ ಮೇಲ್ಮೈ ನೀರಿನಲ್ಲೇ ನಿರಂತರವಾಗಿ ಕೂಡಿಕೊಂಡ ಜೌಗಿಗೆ ಮಾತ್ರ ಕ್ಲೀನ್ ವಾಟರ್ ಆಕ್ಟ್ ರಕ್ಷಣೆ ಎಂದಿತು ಕೋರ್ಟ್. ಆದರೆ ನೀರು ನೆಲದಡಿಯಲ್ಲೂ ಹರಿಯುತ್ತದೆ, ಪ್ರವಾಹದಲ್ಲಿ ಒಡ್ಡನ್ನೂ ದಾಟುತ್ತದೆ, ಹಾಗಾಗಿ ಮೇಲ್ನೋಟಕ್ಕೆ ಬೇರೆಯಾಗಿ ಕಾಣುವ ಜೌಗಿಗೂ ನದಿಗೂ ನಂಟಿರುತ್ತದೆ. ಸಂಪ್ರದಾಯವಾದಿ ನ್ಯಾಯಾಧೀಶ ಕ್ಯಾವನಾ ಕೂಡ ಈ ಅಳತೆಗೋಲನ್ನು ಒಪ್ಪಲಿಲ್ಲ. ಸ್ವಂತ ಕಾನೂನು ಇಲ್ಲದ ರಾಜ್ಯಗಳಲ್ಲಿ ಉಳಿದ ಜೌಗುಗಳಿಗೆ ಈಗ ಕಾವಲೇ ಇಲ್ಲ. ನನಗೆ ಹೆಚ್ಚು ಬೇಸರ ತಂದಿದ್ದು ಇದೇ, ಏಕೆಂದರೆ ಒಮ್ಮೆ ಮಣ್ಣು ತುಂಬಿದ ಜೌಗನ್ನು ಯಾವ ತೀರ್ಪೂ ವಾಪಸ್ ತರಲಾರದು.

ನ್ಯಾಯಾಧೀಶರಿಗೆ ವಿಜ್ಞಾನ ಎಷ್ಟು ದೂರ ಎಂಬುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಲೋಪರ್ ಬ್ರೈಟ್‌ಗೆ ಹಿಂದಿನ ದಿನ ಓಹಾಯೋ ಮೊಕದ್ದಮೆಯ ತೀರ್ಪು ಬಂತು. ವಿಷಯ ಓಜೋನ್ ಮಾಲಿನ್ಯಕ್ಕೆ ಕಾರಣವಾಗುವ ನೈಟ್ರೋಜನ್ ಆಕ್ಸೈಡ್‌ಗಳದ್ದು. ತೀರ್ಪಿನ ಮೊದಲ ಪ್ರತಿಯಲ್ಲಿ ಐದು ಕಡೆ ಅದರ ಬದಲು ಬೇರೆಯೇ ಆದ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ, ಎಂದು ಬರೆದಿತ್ತು. ಆಮೇಲೆ ತಿದ್ದಿದರು.

ಒಂದು ಮಾತು ಮಾತ್ರ ಗಮನಿಸಿ: ನಿಯಮ ಸಡಿಲಿಸಲು ಹೊರಟ ಇಪಿಎಗೂ ಈಗ ಷೆವ್ರಾನ್ ಆಸರೆ ಇಲ್ಲ. ಕಾಯ್ದೆಗೆ ತನಗೆ ಬೇಕಾದ ಕಿರಿದಾದ ಅರ್ಥ ಕೊಟ್ಟರೆ, ಪರಿಸರ ಸಂಘಟನೆಗಳ ವಕೀಲರು ಲೋಪರ್ ಬ್ರೈಟ್ ತೀರ್ಪನ್ನೇ ಹಿಡಿದು 'ಅರ್ಥ ಹೇಳುವುದು ಕೋರ್ಟಿನ ಕೆಲಸ' ಎಂದು ವಾದಿಸಬಹುದು. 1984ರಲ್ಲಿ ಅವರಿಗೆ ಆ ದಾರಿ ಮುಚ್ಚಿತ್ತು.