ಒಂದೇ ಬೆಂಕಿ, ಎರಡು ಸಲ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. 1903ರ ಅಮೆರಿಕದ ಮೂಕಿ ಚಿತ್ರ ‘ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮ್ಯಾನ್’ ನೋಡಿದ್ದೀರಿ. ಅದರಲ್ಲಿ ತಾಯಿಯನ್ನೂ ಮಗುವನ್ನೂ ಬೆಂಕಿಯಿಂದ ಕಾಪಾಡೋದು ಎರಡು ಸಲ ಬರುತ್ತದೆ. ಪ್ರಿಂಟ್‌ನಲ್ಲೇ ಎಡವಟ್ಟಾಗಿದೆಯಾ, ಇಲ್ಲಾ ಆಗಿನವರಿಗೆ ಎಡಿಟಿಂಗ್ ಗೊತ್ತಿರಲಿಲ್ಲವಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ನೀವು ನೋಡಿದ್ದೇ ಸರಿಯಾದ ಪ್ರತಿ.

ಮೊದಲು ಎಲ್ಲವನ್ನೂ ಕೋಣೆಯ ಒಳಗಿನಿಂದ ನೋಡುತ್ತೇವೆ. ಹೊಗೆಗೆ ತಾಯಿ ಕುಸಿಯುತ್ತಾಳೆ, ಫೈರ್‌ಮ್ಯಾನ್ ನುಗ್ಗಿ ಬಂದು ಕಿಟಕಿ ಒಡೆದು ಅವಳನ್ನು ಹೊತ್ತು ಏಣಿ ಇಳಿಯುತ್ತಾನೆ, ಮತ್ತೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಆಮೇಲೆ ಅದೇ ಕಥೆ, ಮನೆಯ ಹೊರಗಿನಿಂದ, ಮತ್ತೆ ಶುರುವಿನಿಂದ. ನಿರ್ದೇಶಕ ಎಡ್ವಿನ್ ಪೋರ್ಟರ್‌ಗೆ ಶಾಟ್ ಜೋಡಿಸಲು ಬರುತ್ತಿರಲಿಲ್ಲ ಅಂತಲ್ಲ. ಫೈರ್ ಅಲಾರಂ ಎಳೆಯುವ ಕೈಯನ್ನು ಹತ್ತಿರದಿಂದ ತೋರಿಸಿದ್ದೂ ಇದೇ ಚಿತ್ರದಲ್ಲಿ. ಇಂಗ್ಲೆಂಡಿನ ಜೇಮ್ಸ್ ವಿಲಿಯಮ್ಸನ್ ಅಂತೂ 1901ರ ‘ಫೈರ್!’ನಲ್ಲೇ ಕಿಟಕಿಯ ಒಳಗಿನ ಶಾಟಿಗೆ ಹೊರಗಿನ ಶಾಟನ್ನು ನೇರವಾಗಿ ಅಂಟಿಸಿದ್ದರು. ಆದರೆ ಆಗ ಒಂದು ಶಾಟ್ ಅಂದರೆ ಒಂದು ಪೂರ್ತಿ ನೋಟ. ಒಂದು ಜಾಗದಲ್ಲಿ ಆಗುವುದೆಲ್ಲ ಆದಮೇಲೆ ಮುಂದಿನ ಜಾಗ. 1902ರ ಒಂದು ಚಿತ್ರದಲ್ಲಿ ಫ್ರಾನ್ಸಿನ ನಿರ್ದೇಶಕ ಮೆಲಿಯೆಸ್ ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿಸಿ, ಮರುಶಾಟಿನಲ್ಲಿ ಅದೇ ರಾಕೆಟನ್ನು ಚಂದ್ರನ ನೆಲಕ್ಕೆ ಇನ್ನೊಮ್ಮೆ ಇಳಿಸುತ್ತಾರೆ. ಆಗಿನವರಿಗೆ ಅದು ವಿಚಿತ್ರ ಅನ್ನಿಸಿದಂತಿಲ್ಲ.

ಈ ಚಿತ್ರದ ಇನ್ನೊಂದು ಪ್ರತಿಯೂ ಇದೆ. ಅದರಲ್ಲಿ ಒಳಗು ಹೊರಗು ಬದಲಾಗುತ್ತಾ, ಇವತ್ತಿನ ಸಿನಿಮಾದ ಹಾಗೆ ಓಡುತ್ತದೆ. ಎಷ್ಟೋ ವರ್ಷ ಇತಿಹಾಸಕಾರರು ಅದನ್ನೇ ಮೂಲ ಅಂದುಕೊಂಡು, ಹೀಗೆ ಒಳಗು ಹೊರಗನ್ನು ಬೆರೆಸಿ ಜೋಡಿಸಿದವರಲ್ಲಿ ಪೋರ್ಟರೇ ಮೊದಲಿಗರು ಎಂದು ಬರೆದರು. ನಿಜ ಬಿಚ್ಚಿಕೊಂಡಿದ್ದು ಕಾಗದದಿಂದ! ಅಮೆರಿಕದಲ್ಲಿ 1912ರವರೆಗೆ ಸಿನಿಮಾಕ್ಕೆ ಅಂತಲೇ ಕಾಪಿರೈಟ್ ಇರಲಿಲ್ಲ. ಹಾಗಾಗಿ ಚಿತ್ರವನ್ನು ಉದ್ದನೆಯ ಫೋಟೋ ಕಾಗದದ ಸುರುಳಿಗೆ ಅಚ್ಚು ಹಾಕಿ, ಫೋಟೋಗಳೆಂದು ನೋಂದಾಯಿಸುತ್ತಿದ್ದರು. ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿದಿದ್ದ ಆ ಸುರುಳಿಯಲ್ಲಿ ದೃಶ್ಯ ಎರಡು ಸಲವೇ ಇತ್ತು. ಬೆರೆಸಿದ ಪ್ರತಿ ಆಮೇಲೆ ಯಾರೋ ‘ಸರಿಪಡಿಸಿದ್ದು’. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಹಳೆಯದನ್ನು ನಮ್ಮ ಅಭ್ಯಾಸಕ್ಕೆ ತಕ್ಕಂತೆ ತಿದ್ದಿದರೆ, ಅವರು ಹೇಗೆ ಯೋಚಿಸುತ್ತಿದ್ದರು ಅನ್ನೋದೇ ಅಳಿಸಿಹೋಗುತ್ತದೆ ಅಲ್ವಾ?

ಹಾಗಾದರೆ ಬದಲಾಗಿದ್ದು ಹೇಗೆ? ಹರಿಕಥೆ ದಾಸರು ‘ಅತ್ತ ಲಂಕೆಯಲ್ಲಿ’ ಅಂದರೆ ಸಾಕು, ನಾವು ಅಲ್ಲಿರುತ್ತೇವೆ. ಶುರುವಿನ ಸಿನಿಮಾಕ್ಕೂ ಎಷ್ಟೋ ಕಡೆ ಪರದೆಯ ಪಕ್ಕ ನಿಂತು ವಿವರಿಸುವವರಿದ್ದರು. 1905ರ ನಂತರ ಅಮೆರಿಕದ ಊರೂರಲ್ಲೂ ಐದು ಸೆಂಟಿನ ಟಿಕೆಟ್ಟಿನ ನಿಕಲೋಡಿಯನ್ ಎಂಬ ಪುಟ್ಟ ಚಿತ್ರಮಂದಿರಗಳು ಎದ್ದವು. ಚಿತ್ರಗಳು ಬೇಗ ಬೇಗ ಬದಲಾಗುತ್ತಿದ್ದವು, ವಿವರಿಸುವವರು ಎಲ್ಲ ಕಡೆ ಇರಲು ಸಾಧ್ಯವಿಲ್ಲ. ಚಿತ್ರ ತಾನೇ ಮಾತಾಡಬೇಕಾಯಿತು. ಅಷ್ಟರಲ್ಲಿ ಬೆನ್ನಟ್ಟಿ ಓಡುವ ಓಟದ ಚಿತ್ರಗಳು ಜನರ ಕಣ್ಣನ್ನು ಪಳಗಿಸಿದ್ದವು. ಇಂಗ್ಲೆಂಡಿನ ನಿರ್ಮಾಪಕ ಹೆಪ್‌ವರ್ತ್ ಅವರ ‘ರೆಸ್ಕ್ಯೂಡ್ ಬೈ ರೋವರ್’ (1905) ನೋಡಿ. ಕದ್ದ ಮಗುವನ್ನು ಹುಡುಕಿ ನಾಯಿ ಓಡುತ್ತದೆ. ಒಂದು ಶಾಟಿನಿಂದ ಆಚೆ ಹೋಗಿ ಮುಂದಿನದಕ್ಕೆ ಬರುತ್ತದೆ, ಎಲ್ಲೂ ದಿಕ್ಕು ತಪ್ಪಿದಂತೆ ಅನ್ನಿಸುವುದಿಲ್ಲ. ಎಷ್ಟು ಬೇಡಿಕೆ ಬಂತೆಂದರೆ ನೆಗೆಟಿವ್ ಸವೆದುಹೋಗಿ ಮತ್ತೆ ಶೂಟ್ ಮಾಡಬೇಕಾಯಿತು.

ಇನ್ನು ಅಮೆರಿಕದ ನಿರ್ದೇಶಕ ಗ್ರಿಫಿತ್. ‘ದಿ ಲೋನ್ಲಿ ವಿಲ್ಲಾ’ (1909) ಚಿತ್ರದಲ್ಲಿ ಬಾಗಿಲ ಬಳಿ ಕಳ್ಳರು, ಒಳಗೆ ಹೆಂಡತಿ ಮಕ್ಕಳು, ದೂರದಲ್ಲಿ ಫೋನ್ ಹಿಡಿದ ಗಂಡ. ಮೂರೂ ಕಡೆ ಏನಾಗುತ್ತಿದೆ ಅಂತ ತಿರುತಿರುಗಿ ತೋರಿಸುತ್ತಾ ಎದೆ ಬಡಿತ ಏರಿಸುತ್ತಾರೆ. ಎಲ್ಲವನ್ನೂ ಅವರೇ ಕಂಡುಹಿಡಿದರು ಅಂತ ನೀವು ಬರೆದಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದೇ ಬಗೆಯ ಕಥೆಯನ್ನು, ಫೋನ್ ಸಮೇತ, ಫ್ರಾನ್ಸಿನ ಪಾಥೆ ಕಂಪನಿ 1908ರಲ್ಲೇ ತೆಗೆದಿತ್ತು. ಗ್ರಿಫಿತ್ ಅದಕ್ಕೆ ವೇಗ ಕೊಟ್ಟರು, ಚಿತ್ರದಿಂದ ಚಿತ್ರಕ್ಕೆ ಹರಿತಗೊಳಿಸಿದರು. ಅದೇನು ಸಣ್ಣ ಕೆಲಸವಲ್ಲ, ಆದರೆ ವಿಲಿಯಮ್ಸನ್, ಪೋರ್ಟರ್, ಹೆಪ್‌ವರ್ತ್ ಹೆಸರುಗಳನ್ನೂ ಅದರ ಜೊತೆಗೇ ಹೇಳಬೇಕು.

— ಸಂಪಾದಕ