ಓದುಗರ ಪ್ರಶ್ನೆ: ಟರ್ಬೊ ಸುಯ್‌ಗುಡುತ್ತದೆ, ಪಿಕಪ್ ಇಲ್ಲ

ಪ್ರಶ್ನೆ: ನನ್ನ ಟರ್ಬೊ ಡೀಸೆಲ್ ಕಾರಿಗೆ ದೊಡ್ಡ ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣಿಸುವ ಭಾಗ), ಸಿಲಿಕೋನ್ ಪೈಪು, ಎಣ್ಣೆ ಸವರುವ ಬಟ್ಟೆಯ ಏರ್ ಫಿಲ್ಟರ್ ಹಾಕಿಸಿ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದೆ. ಒಂದು ತಿಂಗಳು ಚೆನ್ನಾಗಿ ಓಡಿತು. ಈಗ ಸಂಡೂರು ಕಡೆಯ ಏರಿನಲ್ಲಿ 2,500 ಆರ್‌ಪಿಎಂ ದಾಟಿದರೆ ಎಳೆಯುವುದಿಲ್ಲ. ಕಪ್ಪು ಹೊಗೆ, ಸುಯ್ ಎಂಬ ಸದ್ದು. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್. ಟರ್ಬೊ ಬದಲಿಸಿ ಎನ್ನುತ್ತಾರೆ, ಬದಲಿಸಲೇ?
– ಓದುಗರು, ಬಳ್ಳಾರಿ

ಉತ್ತರ: ಈಗಲೇ ಬೇಡ. ಆ ಕೋಡ್ ಹೇಳುವುದು ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಸಾಲುತ್ತಿಲ್ಲ ಎಂದಷ್ಟೇ. ಕಪ್ಪು ಹೊಗೆಯ ಜೊತೆ ಸುಯ್ ಸದ್ದೂ ಇದೆ ಎಂದರೆ ಮೊದಲ ಅನುಮಾನ ಹೊಸ ಪೈಪಿನ ಜೋಡಣೆಗಳ ಮೇಲೆ. ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರಿದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಯಾಗುತ್ತದೆ.

ಎಂಜಿನ್ ಆಫ್ ಮಾಡಿ, ತಣ್ಣಗಾಗಲು ಬಿಡಿ. ಟರ್ಬೊ ಒಳಬಾಯಿಯ ಪೈಪು ಬಿಚ್ಚಿ, ಆ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಪಿವಿಸಿ ಕ್ಯಾಪ್ ಬಿಗಿಯಿರಿ. ಅದರ ಮೂಲಕ ಗಾಳಿ ತುಂಬಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು. 15 ಪಿಎಸ್‌ಐ ಮೀರಬಾರದು. ಬ್ರೀದರ್ ಪೈಪು (ಎಂಜಿನ್ ಒಳಗಿನ ಆವಿ ಹೊರಬರುವ ಪೈಪು) ಈ ದಾರಿಗೆ ಸೇರಿದ್ದರೆ ಅದನ್ನು ಮೊದಲು ಬೇರ್ಪಡಿಸಿ, ಆ ಬಾಯಿ ಮುಚ್ಚಲೇಬೇಕು. ಮರೆತರೆ ಒತ್ತಡ ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಹಾಳಾಗಬಹುದು. ಪ್ರತಿ ಜಾಯಿಂಟಿಗೂ ಸೋಪುನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಸೋರಿಕೆ. ಇಂಟರ್‌ಕೂಲರ್‌ನ ಕೆಳಬಾಯಿಯನ್ನು ಬಿಡಬೇಡಿ, ಎಣ್ಣೆ ಅಲ್ಲೇ ಇಳಿದು ನಿಲ್ಲುವುದರಿಂದ ಸಿಲಿಕೋನ್ ಜಾರುತ್ತದೆ. ಪೈಪಿನ ಒಳಮೈಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ ಒಣಗಿಸಿ, ಟಿ-ಬೋಲ್ಟ್ ಕ್ಲಾಂಪ್ ಹಾಕಿ.

ಸೋರಿಕೆ ಸಿಗದಿದ್ದರೆ ಟರ್ಬೊದ ಬೂಸ್ಟ್ ನಿಯಂತ್ರಿಸುವ ಆಕ್ಚುಯೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಟ್ಯೂಬು ಬಿರಿದಿದೆಯೇ ನೋಡಿ. ಪೈಪಿನೊಳಗಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಪರೀಕ್ಷೆ ಇನ್ನೂ ಸುಲಭ: ಇಗ್ನಿಷನ್ ಆನ್, ಎಂಜಿನ್ ಆಫ್ ಇರುವಾಗ ಬಳ್ಳಾರಿಯ ಎತ್ತರದಲ್ಲಿ ಸ್ಕ್ಯಾನರ್ ಸುಮಾರು 95 ಕಿಲೋಪಾಸ್ಕಲ್ ತೋರಬೇಕು. ತೀರಾ ಬೇರೆ ಅಂಕಿ ಬಂದರೆ ಸೆನ್ಸರ್ ಮಸಿ ಹಿಡಿದಿರಬಹುದು ಅಥವಾ ಕೆಟ್ಟಿರಬಹುದು.

ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಅದಿರು ಲಾರಿ ಓಡಾಡುವ ರಸ್ತೆಯ ಕೆಂಧೂಳಿಗೆ ಬಟ್ಟೆಯ ಫಿಲ್ಟರ್ ಬೇಡ. ಕಂಪನಿಯ ಕಾಗದದ ಫಿಲ್ಟರ್ ಅದರ ಮೂಲ ಡಬ್ಬಿಯಲ್ಲೇ ಇರಲಿ. ಬಟ್ಟೆಗೆ ಸವರಿದ ಎಣ್ಣೆ ಹೆಚ್ಚಾದರೆ ಏರ್‌ಫ್ಲೋ ಸೆನ್ಸರ್ ಮೇಲೆ ಪದರ ಕಟ್ಟಿ ಗಾಳಿಯ ಅಳತೆ ತಪ್ಪುತ್ತದೆ. ಅದನ್ನು ಆ ಸೆನ್ಸರ್‌ಗೆಂದೇ ಬರುವ ಸ್ಪ್ರೇಯಿಂದ ಮಾತ್ರ ತೊಳೆಯಿರಿ, ಕಾರ್ಬುರೇಟರ್ ಸ್ಪ್ರೇ ಬೇಡ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲುಗಿಸಿ. ಅಕ್ಕಪಕ್ಕ ತುಸು ಆಡಿದರೆ ಸಹಜ. ಹಿಂದೆ ಮುಂದೆ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಆಗ ಬದಲಿಸಿ.